ಸತ್ತವನು ಮಾಡಿದ ಮೆಟ್ಟಿಲು

ಐವತ್ತೆಂಟರ ಬಡಗಿ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೆ ಮನೆಯಲ್ಲಿ ಹೊಸದೊಂದು ತಲೆನೋವು ಶುರುವಾಯಿತು. ಕುಡಿತ ಬಿಟ್ಟಿದ್ದ, ಬೈಗುಳ ಬಿಟ್ಟಿದ್ದ, ಅದೆಲ್ಲ ಸರಿಯೇ. ಆದರೆ ಹಳೆಯದೇನನ್ನು ಕೇಳಿದರೂ ಒಂದೇ ಉತ್ತರ. "ಅಡುಗೆಮನೆ ಕಪಾಟಿಗೆ ಬಾಗಿಲು ಹಾಕ್ಕೊಡ್ತೀನಿ ಅಂದಿದ್ರಲ್ಲ?" ಎಂದು ಹೆಂಡತಿ ಕೇಳಿದರೆ, "ಅಂದವನು ಹಳೇ ಮನುಷ್ಯ. ಅವನು ನೀರಲ್ಲೇ ಸತ್ತ" ಅನ್ನುತ್ತಿದ್ದ.

ಪಾಸ್ಟರ್ ಹೇಳಿಕೊಟ್ಟಿದ್ದೇನೋ ಹಾಗೇ: ಮುಳುಗುವಾಗ ಹಳೆಯ ಮನುಷ್ಯ ಸಾಯುತ್ತಾನೆ, ಏಳುವಾಗ ಹೊಸಬ ಹುಟ್ಟುತ್ತಾನೆ. ಬಡಗಿ ಸಾವನ್ನು ಗಟ್ಟಿಯಾಗಿ ಹಿಡಿದುಕೊಂಡ, ಹುಟ್ಟಿನ ಗೋಜಿಗೆ ಹೋಗಲಿಲ್ಲ. ಆ ಸಾವು ಅವನಿಗೆ ಬೇಕೇ ಬೇಕಿತ್ತು.

ಏಳು ವರ್ಷದ ಹಿಂದೆ, ಹೆಂಡತಿಯ ತಮ್ಮನನ್ನು ಜೊತೆಗಿಟ್ಟುಕೊಂಡು ಮಹಡಿ ಕೋಣೆಗೆ ಮರದ ಮೆಟ್ಟಿಲು ಮಾಡುವಾಗ ಒಂದು ಹಲಗೆ ಸೀಳಿತ್ತು. ಬೇರೆ ಕೊಯ್ಯಲು ಮೈಗಳ್ಳತನ. ಬಿರುಕಿಗೆ ಮರದ ಹೊಟ್ಟು, ಅಂಟು ಕಲಸಿ ಮೆತ್ತಿ, ಮೇಲೆ ಪಾಲಿಶ್ ಹೊಡೆದ. ತಿಂಗಳೊಳಗೇ ಅದು ಮುರಿದು ಅತ್ತೆ ಬಿದ್ದರು. ಸೊಂಟ ಮುರಿದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. "ಆ ಹಲಗೆ ಕೂರಿಸಿದ್ದು ನಿನ್ನ ತಮ್ಮ" ಎಂದು ಹೆಂಡತಿಗೆ ಹೇಳಿ ಕೈತೊಳೆದುಕೊಂಡ. ತಮ್ಮ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ, ಅವನು ಹೊಸಿಲು ತುಳಿಯಲೂ ಬಿಡಲಿಲ್ಲ. ತಾಯಿಯ ಹೆಣ ಹೊರಡುವಾಗಲೂ ಅವನು ಬೀದಿಯಲ್ಲೇ ನಿಂತಿದ್ದ.

ಭಾವ ಹೊಸ ಮನುಷ್ಯನಾದ ಸುದ್ದಿ ಕೇಳಿ ಒಂದು ಭಾನುವಾರ ಅವನು ಬಂದ. ಹೊಸಿಲಾಚೆಯೇ ನಿಂತು, ಮೆಲ್ಲಗೆ, "ಭಾವ, ಅಕ್ಕನಿಗೆ ನಿಜ ಹೇಳ್ಬಿಡಿ. ಬೇರೇನೂ ಬೇಡ" ಅಂದ.

ಬಡಗಿಯ ಉತ್ತರ ನಾಲಿಗೆ ತುದಿಯಲ್ಲೇ ಇತ್ತು. "ಅದನ್ನ ಮಾಡಿದವನು ಸತ್ತೋದ ಕಣೋ."

"ಸತ್ತವನ ಬದ್ಲು ಏಳು ವರ್ಷ ನಾನು ಬೈಸ್ಕೊಂಡೆ. ಈಗ ಒಬ್ಬ ಹುಟ್ಟಿದ್ದಾನಲ್ಲ, ಅವನು ಹೇಳ್ಲಿ. ಅವನಿಗೇನು ಭಯ?"

ಭಯವೇ ಆಯಿತು, ಸಿಕ್ಕಾಪಟ್ಟೆ. ನೀರಿಗಿಳಿಯುವಾಗಲೂ ಇಷ್ಟು ಹೆದರಿರಲಿಲ್ಲ. ಆದರೂ ಒಳಗೆ ಹೋದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು.

"ಆ ಹಲಗೆ ಕೂರಿಸಿದ್ದು ನಾನು. ಸೀಳಿತ್ತು ಅಂತ ಗೊತ್ತಿತ್ತು. ಗೊತ್ತಿದ್ದೂ ನಿನ್ನ ತಮ್ಮನ ತಲೆಗೆ ಕಟ್ಟಿದೆ."

ಅವಳು ಚಾಕು ಕೆಳಗಿಟ್ಟಳು. ಗಂಡನನ್ನು ದಾಟಿಕೊಂಡು ಬಾಗಿಲಿಗೆ ಹೋಗಿ, ತಮ್ಮನ ಕೈ ಹಿಡಿದು ಒಳಗೆ ಕರೆತಂದು ಗಂಡನ ಕುರ್ಚಿಯಲ್ಲಿ ಕೂರಿಸಿದಳು. "ಎಷ್ಟು ಸೊರಗಿದ್ದೀಯೋ" ಅಂದಳು. ಇಬ್ಬರೂ ಅತ್ತರು.

ಬಡಗಿಯ ಕಡೆ ಯಾರೂ ನೋಡಲಿಲ್ಲ. ಹೇಳಿಕೊಳ್ಳಲು ಅವನ ಹತ್ತಿರ ಒಂದು ನೆಪವೂ ಉಳಿದಿರಲಿಲ್ಲ. ಓಡಿಹೋಗಬೇಕು ಅನಿಸಿತು, ಹೋಗಲಿಲ್ಲ. ತನ್ನದೇ ಮನೆಯಲ್ಲಿ, ಯಾರಾದರೂ ಕೂತ್ಕೋ ಅಂದಾರೇನೋ ಎಂದು ಕಾಯುತ್ತ ಗೋಡೆಯ ಪಕ್ಕ ನಿಂತ.