ಪಂಚೆ ಮೊದಲು ಹೊರಟಿತು

ಮಕ್ಕಳೇ, ಕಾಲೇಜು ಸೇರುವುದಕ್ಕೆ ನೀವು ಹೈಸ್ಕೂಲಿನಿಂದಲೇ ತಯಾರಾಗುತ್ತೀರಿ. ಪಾಪ, ಬರೀ ಓದಿ ತಯಾರಾಗುತ್ತೀರಿ. ನಮ್ಮ ಮನೆಯ ತಯಾರಿ ಎಂಥದೆಂದು ಬರೆದಿಡುತ್ತೇನೆ. ಬಾಯಲ್ಲಿ ಹೇಳೋಣವೆಂದರೆ ನೀವೆಲ್ಲ ಒಟ್ಟಿಗೆ ನನ್ನ ಮುಖ ನೋಡುತ್ತೀರಿ, ನನಗೆ ಮಾತೇ ಹೊರಡುವುದಿಲ್ಲ.

ಆಗ ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲಿನಿಂದ ಓಡುತ್ತಿದ್ದವು. ಜಡಿಗೇನಹಳ್ಳಿ ಕಡೆಯ ನಮ್ಮೂರಿನಿಂದ ಹೊಸಕೋಟೆಗೆ ಹೋಗಿ ಓದಿದ ನನ್ನ ಅಣ್ಣ ಎಸ್ಸೆಸ್ಸೆಲ್ಸಿ ಪಾಸಾದ. ಅವನಿಗೆ ಡಾಕ್ಟರಾಗುವ ಆಸೆ. ಅದಕ್ಕೆ ಬೆಂಗಳೂರಿನ ಇಂಟರ್‌ಮೀಡಿಯೆಟ್ ಕಾಲೇಜಿನಲ್ಲಿ ವಿಜ್ಞಾನದ ಸೀಟು ಬೇಕು. ಹೆಡ್‌ಮಾಸ್ತರು ಅಪ್ಪನನ್ನು ಕರೆಸಿ, "ಗೌಡರೇ, ಈ ವಾರವೇ ಕರ್ಕೊಂಡು ಹೋಗಿ ಅರ್ಜಿ ಕೊಡಿ. ಇರೋದೇ ನಾಲ್ಕು ಸೀಟು, ಮುಂಚೆ ಹೋದೋರಿಗೆ ಸಿಗುತ್ತೆ" ಎಂದರು.

ಇಷ್ಟು ಸುಲಭದ ಮಾತನ್ನು ನಮ್ಮ ಮನೆಯವರು ನಂಬುತ್ತಾರೆಯೇ? ಅವ್ವ ಕೋಡುಬಳೆಗೆ ಹಿಟ್ಟು ಬೀಸಿದಳು. ಅಪ್ಪ ಕೋಟು ಹೊಲಿಯಲು ಕೊಟ್ಟರು. ಸೋದರಮಾವ ಬಂದು ಕಾಲೇಜಿನ ದೊರೆಗಳ ಮುಂದೆ ಹೇಗೆ ನಿಲ್ಲಬೇಕೆಂದು ಕಲಿಸಿದರು. ಅವರು ಬೆಂಗಳೂರು ನೋಡಿದ್ದು ಎಮ್ಮೆ ಮಾರಲು ಹೋದಾಗ.

ತಾತ ದಿನ ನೋಡಿಸಿದರು. ಗುರುವಾರ ಪ್ರಶಸ್ತ, ಅದು ತಪ್ಪಿದರೆ ಆಷಾಢ. ಗುರುವಾರ ಬಂತು, ಕೋಟು ಬರಲಿಲ್ಲ. ಕೋಟಿಲ್ಲದೆ ಡಾಕ್ಟರಾಗುವುದುಂಟೇ? ತಾತ ಪ್ರಸ್ಥಾನ ಇಡಿಸಿದರು. ಒಳ್ಳೆಯ ದಿನ ಹೊರಡಲಾಗದವರು ತಮ್ಮ ಬಟ್ಟೆಯೊಂದನ್ನು ಹಿಡಿ ಅಕ್ಕಿಯೊಂದಿಗೆ ಹೋಗುವ ದಿಕ್ಕಿನ ಬೇರೊಂದು ಮನೆಯಲ್ಲಿ ಇಟ್ಟುಬಿಟ್ಟರೆ ಹೊರಟಂತೆಯೇ ಲೆಕ್ಕ. ಹಾಗೆ ಅಣ್ಣನ ಪಂಚೆ ಊರಿನ ಪಡುವಣ ಬೀದಿಯ ದೊಡ್ಡಮ್ಮನ ಮನೆ ಸೇರಿತು. ಇಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಕೂತರು.

ಅಣ್ಣನಿಗೆ ಮಾತ್ರ ಬೆಂಕಿ ತುಳಿದ ಹಾಗೆ. "ತಾತ, ಸೀಟು ತುಂಬ್ಕೊಂಬಿಡ್ತವೆ. ಕೋಟು ಬ್ಯಾಡ, ಹಂಗೇ ಹೋಗ್ಬಿಡ್ತೀನಿ."

"ನೀನು ಆಗ್ಲೇ ಹೊರಟಾಯ್ತು ಕಣ್ಲಾ. ಹೊರಟೋನಿಗೆ ಇನ್ಯಾಕ್ಲಾ ಆತುರ?"

ಹೊರಟುಹೋದ ಅಣ್ಣ ಜಗಲಿಯ ಮೇಲೆ ಕೂತು ದಾರಿಗೆಂದು ಮಾಡಿದ ಕೋಡುಬಳೆಯನ್ನೆಲ್ಲ ತಿಂದು ಮುಗಿಸಿದ.

ಮುಂದಿನ ವಾರ ಕೋಟು ಬಂತು, ಅಪ್ಪ ಅಣ್ಣ ಬಸ್ಸು ಹತ್ತಿದರು. ವಿಜ್ಞಾನದ ಸೀಟು ಹಿಂದಿನ ದಿನವೇ ಮುಗಿಯಿತೆಂದು ಕಾಲೇಜಿನ ಗುಮಾಸ್ತರು ಹೇಳಿದರಂತೆ. ಅಪ್ಪ ಬಿಡಲಿಲ್ಲ.

"ನಾವು ಹೋದ ಗುರುವಾರವೇ ಹೊರಟಿದ್ವಿ, ಸ್ವಾಮಿ."

"ಯಾವೂರಿಂದ?"

"ಹೊಸಕೋಟೆ ಹತ್ರ."

"ಹೊಸಕೋಟೆಯಿಂದ ಬರೋಕೆ ಇಷ್ಟು ದಿನವೇ? ತೆವಳಿಕೊಂಡು ಬಂದ್ರೇನ್ರೀ?"

ಚರಿತ್ರೆಯ ಕಡೆ ಜಾಗವಿತ್ತು, ಅದಕ್ಕೇ ಸೇರಿಸಿ ಬಂದರು. ಸಂಜೆ ತಾತ ಜಗಲಿಯಲ್ಲಿ ಕೂತು ಬಂದವರಿಗೆಲ್ಲ, "ಸೀಟು ಸಿಕ್ತೋ ಇಲ್ವೋ? ದಿನ ಅಂದ್ರೆ ಹಂಗಿರಬೇಕು" ಎನ್ನುತ್ತಿದ್ದರು. ಅಣ್ಣ ಕೋಟು ಬಿಚ್ಚದೆ ಕೊಟ್ಟಿಗೆಯಲ್ಲಿ ಎತ್ತಿನ ಮೈ ಉಜ್ಜುತ್ತಿದ್ದ. ಊಟಕ್ಕೆ ಕರೆಯಲು ಹೋದ ನನ್ನ ಕಡೆ ತಿರುಗಲೂ ಇಲ್ಲ.

ಅವನು ಚರಿತ್ರೆಯ ಮೇಷ್ಟರಾದ. ಊರಲ್ಲಿ ಯಾರ ಮಗ ಎಸ್ಸೆಸ್ಸೆಲ್ಸಿ ಪಾಸಾದರೂ ಮರುದಿನ ಕೋಳಿ ಕೂಗುವ ಮೊದಲೇ ಅವರ ಬಾಗಿಲು ಬಡಿಯುತ್ತಿದ್ದ. ಅಮಾವಾಸ್ಯೆ, ರಾಹುಕಾಲ ಯಾವುದನ್ನೂ ಕೇಳುತ್ತಿರಲಿಲ್ಲ. "ಇನ್ನೂ ಮುಖನೇ ತೊಳೆದಿಲ್ಲ, ಮೇಷ್ಟ್ರೇ" ಎಂದು ಹುಡುಗ ಕಣ್ಣುಜ್ಜಿಕೊಂಡರೆ, ಅವನ ತೋಳು ಹಿಡಿದು ಬೀದಿಗೆ ಎಳೆದು ಅಣ್ಣ ಹೇಳುತ್ತಿದ್ದುದು ಇಷ್ಟೇ:

"ಕಾಲೇಜಲ್ಲಿ ನಲ್ಲಿ ಇರ್ತದೆ, ಅಲ್ಲೇ ತೊಳ್ಕೊಳ್ಳುವಂತೆ. ನಡೀಲಾ."