ಬಸ್ಸಿಗೆ ಗದ್ದ ತೋರಿಸಿದವನು

ಮಳಗಿಯ ನಿಲ್ದಾಣದಲ್ಲಿ ನಿಂತ ನನ್ನನ್ನು ಬಸ್ಸುಗಳು ಆಗಾಗ ಬಿಟ್ಟು ಹೋಗುತ್ತವೆ. ಚಾಲಕರ ತಪ್ಪಿಲ್ಲ. ಇಳಿಯುವವರಿಲ್ಲದೆ, ನಿಂತವರು ಕೈ ಮಾಡದೆ, ಅವರೇಕೆ ನಿಲ್ಲಿಸಬೇಕು? ನಾನೋ ಬಸ್ಸು ಕಂಡೊಡನೆ ಗಂಭೀರವಾಗಿ ಗದ್ದ ಎತ್ತುತ್ತೇನೆ. ಯಾರೋ ಹಿರಿಯರು ಆಕಾಶ ನೋಡಿ ಮಳೆಯ ಅಂದಾಜು ಮಾಡುತ್ತಿದ್ದಾರೆಂದು ತಿಳಿದು ಅವರು ಮುಂದೆ ಹೋಗುತ್ತಾರೆ.

ಓದುಗ ಮಿತ್ರರೇ, ಇದು ಅಹಂಕಾರವಲ್ಲ, ಕಸುಬಿನ ಅವಶೇಷ. ಹಳಿಯಾಳದಿಂದ ಮುಂಡಗೋಡದವರೆಗೆ ವಿದ್ಯುತ್ ಸಬ್‌ಸ್ಟೇಷನ್‌ಗಳನ್ನು ಕಟ್ಟಿಸುವ ಉಸ್ತುವಾರಿಯಲ್ಲೇ ನನ್ನ ನೌಕರಿ ಮುಗಿಯಿತು. ಬೇಲಿಯೊಳಗೆ ಜಲ್ಲಿ ಹಾಸಿದ ಅಂಗಳಕ್ಕೆ ನಾವು ಯಾರ್ಡ್ ಎನ್ನುತ್ತೇವೆ. ಅಲ್ಲಿ ತಲೆಯ ಮೇಲಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ತೀರ ಹತ್ತಿರ ಹೋದರೂ ವಿದ್ಯುತ್ತು ತಾನೇ ಹಾರಿ ಬರುತ್ತದೆ. ಆದ್ದರಿಂದ ನೆಲದ ಮೇಲೆ ಓಡಾಡುವವರು ಏಣಿಯನ್ನು ಅಡ್ಡ ಹಿಡಿದು ಒಯ್ಯಬೇಕು, ಕೊಡೆ ಬಿಚ್ಚಬಾರದು, ಕೈಯನ್ನು ತಲೆಗಿಂತ ಮೇಲೆ ಎತ್ತಬಾರದು. ಏನನ್ನಾದರೂ ತೋರಿಸಬೇಕಾದರೆ ಗದ್ದದಿಂದ ತೋರಿಸಬೇಕು. ವಿದ್ಯುತ್ತು ಹರಿಯುವ ಹೊತ್ತಿಗೆ ಇದು ಮೈಗೆ ರೂಢಿಯಾಗಿರಲೆಂದು, ಬರಿಯ ಕಂಬಗಳು ನಿಂತ ದಿನದಿಂದಲೇ ನಾನು ಈ ನಿಯಮವನ್ನು ಹೇರುತ್ತಿದ್ದೆ.

ನಿಯಮ ಯಾರ್ಡಿನ ಗೇಟಿನಲ್ಲಿ ನಿಲ್ಲದೆ ನನ್ನ ಹಿಂದೆಯೇ ಮನೆಗೆ ಬಂತು. ಮದುವೆಗಳಲ್ಲಿ ನಾನು ಸೊಂಟದ ಮಟ್ಟದಿಂದ ಎಸೆಯುವ ಅಕ್ಷತೆ ಮುಂದಿನ ಸಾಲಿನವರ ಬೆನ್ನಿಗೇ ಸಲ್ಲುತ್ತದೆ. "ಮದುಮಕ್ಕಳು ಅಲ್ಲಿ ಅದಾರ್ರೀ. ಮುಂದ ಕುಂತವರಿಗೆ ಎರಡನೇ ಮದುವಿ ಮಾಡಬ್ಯಾಡ್ರಿ" ಎಂದು ಹೆಂಡತಿ ಪಿಸುಗುಟ್ಟಿದ್ದುಂಟು.

ಮುಂಡಗೋಡದ ಹತ್ತಿರದ ಇಂದೂರಿನ ಬಸವಣ್ಣೆಪ್ಪ ನನ್ನ ಗ್ಯಾಂಗಿನ ಮೇಸ್ತ್ರಿ. ಟಿಬೆಟನ್ ಕಾಲೊನಿಯಾಚೆ, ಮೆಕ್ಕೆಜೋಳದ ಹೊಲಗಳ ನಡುವೆ ನಾವೊಂದು ಸಬ್‌ಸ್ಟೇಷನ್ ಕಟ್ಟುತ್ತಿದ್ದಾಗ, ಮೊದಲ ದಿನವೇ ಅವನು ನನ್ನ ನಿಯಮವನ್ನು ಗೇಲಿ ಮಾಡಿದ.

"ತಂತ್ಯಾಗ ಕರೆಂಟ ಇಲ್ಲ, ಕಂಬಕ್ಕ ತಂತೀನ ಇಲ್ಲ. ಯಾರಿಗೆ ಅಂಜೂಣ್ರಿ ಸಾಹೇಬ್ರ, ಕಾಗಿಗೆ?"

"ನನಗ ಅಂಜು" ಎಂದೆ.

"ನಿಮಗ ಅಂಜಾಕ ಕರೆಂಟ ಬೇಕಾಗಿಲ್ಲ ಬಿಡ್ರಿ" ಎಂದು ನಕ್ಕ.

ಒಪ್ಪಿಕೊಂಡ ಮೇಲೆ ಮಾತ್ರ ನನಗಿಂತ ಕಟ್ಟುನಿಟ್ಟಾದ. ಕೈ ಎತ್ತಿ ಮೈಮುರಿದವನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಮಳೆಗಾಲದಲ್ಲಿ ಇಡೀ ಗ್ಯಾಂಗು ಗೋಣಿಚೀಲದ ಕೊಪ್ಪೆ ಹೊದ್ದು, ಗದ್ದದಲ್ಲೇ ಸಂಭಾಷಿಸುತ್ತ ಓಡಾಡುವುದನ್ನು ಕಾಲೊನಿಯ ಬೌದ್ಧ ಭಿಕ್ಷುಗಳು ಬೇಲಿಯಾಚೆ ನಿಂತು ನೋಡಿ ನಗುತ್ತಿದ್ದರು.

ಸಬ್‌ಸ್ಟೇಷನ್ ಚಾಲೂ ಆದ ದಿನ ಕಟ್ಟಿದವರೇ ಹೊರಗಿನವರಾಗುತ್ತಾರೆ. ನಿನ್ನೆ ಬುತ್ತಿ ಬಿಚ್ಚಿದ ಜಾಗದಲ್ಲಿ ಇವತ್ತು ಕಾಲಿಡುವಂತಿಲ್ಲ. ಅಂದು ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡತೊಡಗಿದಾಗ ನಾನು ಯಾರ್ಡಿನೊಳಗಿದ್ದೆ. ಬೇಲಿಯಾಚೆ ಗ್ಯಾಂಗು ಸಾಮಾನು ಹೇರಿಕೊಂಡು ಟೆಂಪೊ ಹತ್ತಿತ್ತು. ಬಸವಣ್ಣೆಪ್ಪ ಹಿಂಬದಿಯಲ್ಲಿ ನಿಂತು ನನ್ನತ್ತ ನೋಡಿದ. ನಾನು ಕೈ ಎತ್ತುವಂತಿರಲಿಲ್ಲ, ಗದ್ದ ಎತ್ತಿದೆ. ಅವನು ರಸ್ತೆಯ ಮೇಲಿದ್ದ, ಎತ್ತಬಹುದಿತ್ತು. ಆದರೂ ಗದ್ದವನ್ನೇ ಎತ್ತಿದ. ಅವನ ಹಿಂದೆ ಇಡೀ ಟೆಂಪೊ ಗದ್ದ ಎತ್ತಿತು. ಆಗ ನನಗೆ ನಗು ಬಂದಿತ್ತು. ಮುಂದಿನ ಕೆಲಸದಲ್ಲಿ ಸಿಗುತ್ತಾನಲ್ಲ ಎಂದುಕೊಂಡೆ. ಮುಂದಿನ ಕೆಲಸಕ್ಕೆ ಬೇರೆ ಗ್ಯಾಂಗು ಬಂತು, ಆಮೇಲಿನದಕ್ಕೆ ಇನ್ನೊಂದು. ಇಂದೂರು ದೂರವೇನಲ್ಲ, ದೂರವಲ್ಲದ ಊರುಗಳಿಗೆ ಹೋಗುವುದೇ ಹೀಗೆ ಉಳಿದುಹೋಗುತ್ತದೆ.

ಈಚೆಗೆ ಅವನ ಫೋನು ಬಂತು. ಇಂದೂರಿನ ಮನೆ ಖಾಲಿ ಮಾಡಿ, ಹೆಂಡತಿಯೊಡನೆ ಕುಮಟೆಯ ಮಗಳ ಮನೆಗೆ ಹೊರಟಿದ್ದ. ಇನ್ನು ಅಲ್ಲೇ ಇರುವುದಂತೆ. "ನಾಳೆ ಮುಂಜಾನಿ ಶಿರಸಿ ಬಸ್ಸಿಗೆ ಬರ್ತೇನಿ. ಮಳಗ್ಯಾಗ ನೀವೂ ಹತ್ರಿ ಸಾಹೇಬ್ರ, ಶಿರಸಿತನಕ ಮಾತಾಡಕೋತ ಹೋಗೂಣು. ಅವತ್ತ ಬರ್ತೇನಿ ಅಂತ ನಿಮ್ಮ ಕೈ ಹಿಡದು ಹೇಳಲಿಲ್ಲ ನೋಡ್ರಿ. ಅದೊಂದು ಉಳದೈತಿ."

ಇಸ್ತ್ರಿಯ ಅಂಗಿ ತೊಟ್ಟು ಬೇಗನೆ ಹೋಗಿ ನಿಂತೆ. ಬಸ್ಸು ಬಂತು. ಕಿಟಕಿಯಲ್ಲಿ ಬಸವಣ್ಣೆಪ್ಪ, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗುರುತು ಸಿಕ್ಕ ಸಂತೋಷಕ್ಕೆ ನನ್ನ ಗದ್ದ ತಾನಾಗಿ ಮೇಲೆದ್ದಿತು. ಕಿಟಕಿಯಲ್ಲಿ ಅವನ ಗದ್ದವೂ ಎದ್ದಿತು. ಎರಡರ ಅರ್ಥವೂ ತಿಳಿಯದ ಚಾಲಕ ಗೇರು ಬದಲಿಸಿದ.

ಬಸ್ಸು ತಿರುವು ದಾಟಿದ ಮೇಲೆ ಫೋನು ಬಡಿಯಿತು.

"ಕೈ ಮಾಡಬೇಕಿತ್ತಲ್ರಿ ಸಾಹೇಬ್ರ!"

"ನೀನರ ಕಂಡಕ್ಟರ್‌ಗೆ ಹೇಳಬೇಕಿತ್ತಲ್ಲೋ ಮಾರಾಯಾ."

"ಹೇಳಾಕಂತನ ಎದ್ದಿದ್ನಿರಿ. ನಿಮ್ಮ ಗದ್ದ ಕಾಣ್ತು, ನಂದೂ ಎದ್ದುಬಿಡ್ತು. ನೀವ ಕಲಿಸಿದ್ದ ಐತಲ್ರಿ. ಈಗ ಕೇಳಿದ್ರ, ಇಳಿಯೂದಿದ್ರ ಇಳೀರಿ ಅಜ್ಜಾರ ಅಂತಾನ. ಇಷ್ಟು ಸಾಮಾನು ತಗೊಂಡು ಹೆಂಗ ಇಳೀಲಿ?"

ಇಬ್ಬರೂ ನಕ್ಕೆವು. "ಕುಮಟಾಕ್ಕ ಬರ್ರಿ" ಎಂದ, "ಬರ್ತೇನಿ" ಎಂದೆ. ಕಾಡಿನೊಳಗೆ ಹೊಕ್ಕಿತೇನೋ ಬಸ್ಸು, ಮಾತು ಕಡಿಯಿತು.

ನನ್ನ ಕೈಕೆಳಗಿನ ಯಾವ ಗ್ಯಾಂಗಿನಲ್ಲೂ ಯಾರಿಗೂ ಏನೂ ಆಗಲಿಲ್ಲವೆಂಬ ಹೆಮ್ಮೆ ನನಗಿದೆ, ಇರಲಿ. ಆದರೆ ಯಾರ್ಡಿನಿಂದ ಹೊರಬಿದ್ದ ಮೇಲೆ ಕೈ ಎತ್ತಬಹುದೆಂದು ಅವರಿಗೆ ಹೇಳುವುದನ್ನು ಮರೆತಿದ್ದೆ. ನನಗೆ ಹೇಳುವವರು ಇರಲಿಲ್ಲ.

ಖಾಲಿ ರಸ್ತೆ ನೋಡುತ್ತ, ಬಸ್ಸು ಹೋದ ದಿಕ್ಕಿಗೆ ನಿಧಾನವಾಗಿ ಕೈ ಎತ್ತಿದೆ. ಭುಜ ಚುರುಕ್ಕೆಂದಿತು. ಹಿಂದಿನಿಂದ ಬಂದ ಮೆಕ್ಕೆಜೋಳದ ಟ್ರಾಕ್ಟರೊಂದು ತಟ್ಟನೆ ನಿಂತಿತು.

"ಎಲ್ಲಿಗ್ರೀ ಕಾಕಾ?"

"ಎಲ್ಲಿಗೂ ಇಲ್ಲಪ್ಪ. ಸುಮ್ಮನ ಟಾಟಾ ಮಾಡಿದೆ."

"ನನಗನ್ರೀ?" ಎಂದು ಅವನು ಕಣ್ಣರಳಿಸಿದ. ಹೌದೆಂದೆ. ಅವನು ಟ್ರಾಕ್ಟರು ಬಿಟ್ಟುಕೊಂಡು ಹೋಗುತ್ತ, ಹಿಂತಿರುಗಿ ಇಡೀ ತೋಳು ಎತ್ತಿ ಬೀಸಿದ. ನಾನೂ ಬೀಸಿದೆ, ತಿರುವಿನಲ್ಲಿ ಅವನು ಮರೆಯಾಗುವವರೆಗೂ ಕೈ ಇಳಿಸಲಿಲ್ಲ.