ಮಾವನವರ ಇಸ್ತಂಬೂಲು

ಮದುವೆಯಾಗಿ ಆಳಂದದಿಂದ ನೆಲೋಗಿಗೆ ಬಂದಾಗ ಅತ್ತೆ ನನಗೆ ಮೊದಲು ಕಲಿಸಿದ್ದು ಬಾಯಿ ಮುಚ್ಚಿಕೊಂಡಿರುವುದನ್ನು. ಸೊಸೆ ಮಾವನೆದುರು ಮಾತಾಡುವಂತಿರಲಿಲ್ಲ. ಏನಿದ್ದರೂ ಅತ್ತೆಯ ಕಿವಿಗೆ ಹಾಕಬೇಕು, ಅತ್ತೆ ಇಲ್ಲದಿದ್ದರೆ ನುಂಗಿಕೊಳ್ಳಬೇಕು. ನಾನೋ ಹುಟ್ಟಾ ಮಾತಿನಮಲ್ಲಿ. ಒಂದು ವರ್ಷ ಹೇಗೆ ತಡೆದೆನೋ ನನಗೇ ಗೊತ್ತು.

ಮಾವ ತಹಸೀಲ ಕಚೇರಿಯಲ್ಲಿ ಕೆಲಸ ಮಾಡಿದವರು. ನಿಜಾಮರ ಕಾಲ, ಕಚೇರಿಯೂ ಶಾಲೆಯೂ ಉರ್ದುವಿನಲ್ಲೇ. ಅವರ ಬಳಿ ದಪ್ಪನೆಯ ಉರ್ದು ಕಾದಂಬರಿಯೊಂದಿತ್ತು. ಸುಲ್ತಾನರ ಕಾಲದ ಇಸ್ತಂಬೂಲಿನಲ್ಲಿ ಅತ್ತರಿನ ವ್ಯಾಪಾರಿಯೊಬ್ಬನ ಕೊಲೆ, ಕೊಂದವನನ್ನು ಹುಡುಕುವ ಒಬ್ಬ ಮುದುಕ ಕೊತ್ವಾಲ. ಮಧ್ಯಾಹ್ನ ಊಟವಾದ ಮೇಲೆ ಮಾವ ಪಡಸಾಲೆಯಲ್ಲಿ ಕೂತು ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದೆ. ಆ ಹೊತ್ತಿಗಾಗಿ ಬೆಳಗಿನಿಂದ ಕಾಯುತ್ತಿದ್ದೆ.

ಕೊಲೆಯಾದ ದಿನ ವ್ಯಾಪಾರಿಯ ಅಂಗಳದಲ್ಲಿ ಹಿಮ ಬಿದ್ದು ಅದರಲ್ಲಿ ಹೆಜ್ಜೆ ಮೂಡಿದ್ದವಂತೆ. ನಮ್ಮ ಸೀಮೆಯಲ್ಲಿ ಹಿಮ ಕಂಡವರು ಯಾರು? "ಹಿಂಜಿದ ಹತ್ತಿ ಬಿದ್ದಂಗ" ಎಂದರು ಮಾವ.

"ಹತ್ತ್ಯಾಗ ಹೆಜ್ಜಿ ಮೂಡ್ತಾವೇನ್ರಿ? ಏನರ ಹೇಳ್ತೀರಿ" ಎಂದರು ಅತ್ತೆ.

ಮಧ್ಯಾಹ್ನವೆಲ್ಲ ಅದೇ ಜಗಳವಾಗಿ ಕೊಲೆಗಾರ ಅಂದಿಗೆ ಬಚಾವಾದ. ಹೆಜ್ಜೆಗಳು ಮನೆಯೊಳಕ್ಕೆ ಹೋಗಿದ್ದವು, ಹೊರಗೆ ಬಂದಿರಲಿಲ್ಲ. ಹಾಗಾಗಿ ಕೊಂದವನು ಒಳಗೇ ಇದ್ದಾನೆ, ಅಡುಗೆಯವನೇ ಎಂದು ಮಾವನ ವಾದ. ನನಗೆ ಒಳಗೇ ಕುದಿಯುತ್ತಿತ್ತು. ಮನೆಯೊಳಗೇ ಇದ್ದೇನೆಂದು ತೋರಲು ಮಳೆಗಾಲದ ಎರೆಮಣ್ಣಿನಲ್ಲಿ ಹಿಮ್ಮುಖವಾಗಿ ಹೊರಗೆ ನಡೆದು ಅವ್ವನಿಗೆ ಎಷ್ಟು ಸಲ ಮೋಸ ಮಾಡಿದ್ದೆ ನಾನು!

ಮರುವರ್ಷ ಬೇಸಿಗೆಗೆ ಮಾವನ ಎರಡೂ ಕಣ್ಣಿಗೆ ಪೊರೆ ಬಂತು. ಇನ್ನೂ ಮೂವತ್ತು ಪುಟ ಉಳಿದಿದ್ದವು. ಊರಿನಲ್ಲಿ ಉರ್ದು ಬಲ್ಲ ಮಾಸ್ತರರು ನಿಜಾಮರ ರಾಜ್ಯದ ಕೊನೆಗಾಲದ ಗಲಾಟೆಗೆ ಹೆದರಿ ಗಡಿಯಾಚೆ ಸೊಲ್ಲಾಪುರದ ಕಡೆ ಹೋಗಿದ್ದರು. ನನ್ನ ಗಂಡನಿಗೆ ಹೊಲ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಮಾವ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಸವರುತ್ತ ಕೂರುತ್ತಿದ್ದರು.

ಆಳಂದದ ಶಾಲೆಯಲ್ಲಿ ನಾಲ್ಕು ವರ್ಷ ನಾನೂ ಉರ್ದು ಕಲಿತಿದ್ದೆ. ಅದನ್ನು ಈ ಮನೆಯಲ್ಲಿ ಹೇಳಿರಲಿಲ್ಲ. ಓದಿದ ಸೊಸೆ ಯಾರ ಮಾತೂ ಕೇಳುವುದಿಲ್ಲ ಎಂದು ಅತ್ತೆ ನೆರೆಯವರೆದುರು ಅಂದದ್ದು ಕಿವಿಯಲ್ಲಿತ್ತು. ಒಂದು ದಿನ ಮಾವ ಮಲಗಿದ್ದಾಗ ಪುಸ್ತಕ ಎತ್ತಿಕೊಂಡು ಕಾಳಿನ ಕೋಣೆಗೆ ಹೋದೆ. ಮೂವತ್ತು ಪುಟವನ್ನೂ ನಿಂತಲ್ಲೇ ಓದಿ ಮುಗಿಸಿದೆ. ಎಂಥ ಸುಖ! ಆಮೇಲೆ ಕಳ್ಳತನ ಮಾಡಿದಂತೆ ನಾಚಿಕೆಯಾಯಿತು.

ಮೂರು ದಿನ ತಡೆದೆ. ನಾಲ್ಕನೆಯ ದಿನ ಮಾವ ಮತ್ತೆ ಶುರು ಮಾಡಿದರು: "ಅಡಗಿಯಂವನೇ ಕೊಂದಾನ. ಆದ್ರ ಇನ್ನ ನನಗ ಖರೇ ಗೊತ್ತಾಗೂದಿಲ್ಲ ಬಿಡು."

"ಅಡಗಿಯಂವ ಅಲ್ರಿ" ಎಂದೆ, ಬಾಗಿಲ ಮರೆಯಿಂದಲೇ.

ಮಾವ ಕೇಳಿದ ನನ್ನ ಮೊದಲ ಮಾತು ಅದು. ಅತ್ತೆ ಒಳಗೆ ಇಣುಕಿ ಕೇಳಿದರು:

"ನಿನಗ ಹ್ಯಾಂಗ ಗೊತ್ತು ಬೇ?"

ನಾನು ತಲೆಯ ಮೇಲಿನ ಸೆರಗು ಎಳೆದುಕೊಂಡು ಮೊರದ ಕಡೆ ನೋಡುತ್ತ ಕೂತೆ. ಇನ್ನು ತವರಿಗೆ ಕಳಿಸುತ್ತಾರೆ ಎಂದುಕೊಂಡೆ.  ಮಾವ ಗೋಡೆ ಹಿಡಿದು ಎದ್ದು, ತಡವರಿಸುತ್ತ ಬಂದು, ಪುಸ್ತಕವನ್ನು ಹೊಸ್ತಿಲಿನ ಈಚೆ ನನ್ನ ಕಡೆ ಸರಿಸಿದರು.

"ಯಾರಂತ ಹೇಳಬ್ಯಾಡ ಯವ್ವಾ" ಎಂದರು. "ಹತ್ತಿ ಬಿದ್ದಲ್ಲಿಂದ ಓದು."